ಕರೆಂಟು ತೆಗೆದ ನೀರಲ್ಲಿ ಸತ್ವ ಇರುತ್ತಾ?

ಮಳೆ ಹಿಡಿಯಿತು, ಲೈನಿನ ಮೇಲೆ ಮರ ಬಿತ್ತು ಅಂದರೆ ಸಾಕು, ಇವೇ ಪ್ರಶ್ನೆಗಳು ಬರುತ್ತವೆ. ಈ ಸಲ ಒಂದಕ್ಕಾದರೂ ಪೂರ್ತಿ ಉತ್ತರ ಬರೆಯುತ್ತೇನೆ.

ಪ್ರಶ್ನೆ: ತೋಟದ ಮೇಲ್ಗಡೆ ಹಳ್ಳವಿದೆ. ಸಣ್ಣ ಟರ್ಬೈನ್ ಕೂರಿಸುವ ಆಸೆ. ಕರೆಂಟು ತೆಗೆದ ನೀರಲ್ಲಿ ಸತ್ವ ಇರಲ್ಲ, ಅಡಿಕೆಗೆ ಆಗಲ್ಲ ಅಂತಾರೆ ಅಪ್ಪಯ್ಯ. ಇಡೀ ಮನೆಗೆ ಸಾಕಾಗುತ್ತಾ? (ಹೊಸನಗರ ತಾಲ್ಲೂಕಿನ ಓದುಗರು)

ಅಪ್ಪಯ್ಯನವರಿಗೆ ಇದನ್ನು ಓದಿ ಹೇಳಿ. ಟರ್ಬೈನ್ ನೀರಿನಿಂದ ಏನನ್ನೂ ಹಿಂಡಿ ತೆಗೆಯುವುದಿಲ್ಲ. ಬೀಳುವ ರಭಸವನ್ನಷ್ಟೇ ಬಳಸಿಕೊಳ್ಳುತ್ತದೆ. ಆ ರಭಸ ಹೇಗಿದ್ದರೂ ಕಲ್ಲಿಗೆ ಬಡಿದು ಹೋಗುತ್ತಿತ್ತು. ನಮ್ಮ ಶರಾವತಿಯನ್ನೇ ನೋಡಿ. ಲಿಂಗನಮಕ್ಕಿಯ ಅಣೆಕಟ್ಟಿನ ಬುಡದಲ್ಲಿ ಒಮ್ಮೆ ಕರೆಂಟು ತೆಗೆಯುತ್ತಾರೆ. ಅದೇ ನೀರು ತಲಕಳಲೆ ಜಲಾಶಯಕ್ಕೆ ಹೋಗಿ, ಅಲ್ಲಿಂದ ಇಳಿದು 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರವನ್ನು ನಡೆಸುತ್ತದೆ. ಆಮೇಲೆ ಗೇರುಸೊಪ್ಪೆಯಲ್ಲಿ ಮೂರನೇ ಸಲ. ಸತ್ವ ಹೋಗುವುದಾಗಿದ್ದರೆ ಎರಡನೇ ಸಲಕ್ಕೇ ಏನೂ ಸಿಗಬಾರದಿತ್ತು, ಅಲ್ವಾ? ಮೂರು ಸಲ ದುಡಿದ ಆ ನೀರಿನ ದಡದಲ್ಲೇ ಹೊನ್ನಾವರದವರು ಅಡಿಕೆ, ತೆಂಗು ಬೆಳೆಯುತ್ತಾರೆ.

ಇನ್ನು, ಸಾಕಾಗುತ್ತಾ ಅನ್ನುವ ಮಾತು. ಹಳ್ಳ ಭೋರ್ಗರೆಯುತ್ತದೆ ಅಂತ ಬರೆದರೆ ನನಗೇನೂ ಗೊತ್ತಾಗುವುದಿಲ್ಲ. ಅಳೆದು ಬರೆಯಿರಿ. ಪೈಪಿನ ಬಾಯಿಗೆ 20 ಲೀಟರ್ ಬಕೆಟ್ ಹಿಡಿದು, ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿ. ನಾಲ್ಕು ಸೆಕೆಂಡಾದರೆ ಸೆಕೆಂಡಿಗೆ 5 ಲೀಟರ್. ಮೇಸ್ತ್ರಿಗಳ ಮಟ್ಟದ ಪೈಪ್ ಹಿಡಿದು, ನೀರು ಎಷ್ಟು ಮೀಟರ್ ಇಳಿಯುತ್ತದೆ ಅಂತ ಲೆಕ್ಕ ಹಾಕಿ. ಎರಡನ್ನೂ ಗುಣಿಸಿ, ಇನ್ನೊಮ್ಮೆ 5ರಿಂದ ಗುಣಿಸಿ. 20 ಮೀಟರ್ ಇಳಿತಕ್ಕೆ ಸುಮಾರು 500 ವಾಟ್ ಬಂತು. ದೀಪ, ಫ್ಯಾನ್, ಟಿವಿ, ಮೊಬೈಲಿಗೆ ಧಾರಾಳ. ಹಗಲು ರಾತ್ರಿ ಓಡಿದರೆ ದಿನಕ್ಕೆ 12 ಯೂನಿಟ್. ಆದರೆ ತೋಟದ ಮೂರು ಎಚ್‌ಪಿ ಪಂಪು ಇದರಲ್ಲಿ ಏಳುವುದೇ ಇಲ್ಲ. ಬೇಸಿಗೆಯಲ್ಲಿ ಅದೇ ಬಕೆಟ್ ತುಂಬಲು 40 ಸೆಕೆಂಡ್ ಹಿಡಿದರೆ ಬರೀ 50 ವಾಟ್. ಅದಕ್ಕೇ ಹೇಳುವುದು, ಶ್ರಾವಣದಲ್ಲಿ ಅಳೆದು ದುಡ್ಡು ಹಾಕಬೇಡಿ.

ಲೋಡ್ ಕಂಟ್ರೋಲರ್ ಇಲ್ಲದೆ ಕೂರಿಸಲೇಬೇಡಿ. ರಾತ್ರಿ ಎಲ್ಲರೂ ಸ್ವಿಚ್ ಆರಿಸಿದಾಗ ಚಕ್ರ ಹುಚ್ಚಾಪಟ್ಟೆ ತಿರುಗಿ ವೋಲ್ಟೇಜ್ ಏರುತ್ತದೆ. ಉಳಿದ ಕರೆಂಟನ್ನು ಕಂಟ್ರೋಲರ್ ಒಂದು ಹೀಟರಿಗೆ ಕಳಿಸುತ್ತದೆ. ಅದನ್ನು ಬಚ್ಚಲ ನೀರಿಗೆ ಬಿಟ್ಟರೆ ಬೆಳಿಗ್ಗೆ ಸ್ನಾನಕ್ಕೂ ಆಯಿತು.

ಮೆಸ್ಕಾಂ ಲೈನಿಗೂ ಇದಕ್ಕೂ ನಡುವೆ ಚೇಂಜ್‌ಓವರ್ ಸ್ವಿಚ್, ಅಂದರೆ ಒಂದು ಸಲಕ್ಕೆ ಎರಡರಲ್ಲಿ ಒಂದನ್ನೇ ಮನೆಗೆ ಸೇರಿಸುವ ಸ್ವಿಚ್, ಇರಲೇಬೇಕು. ಒಂದು ಮನೆಯಲ್ಲಿ ಎರಡೂ ವೈರನ್ನು ಒಂದೇ ಬೋರ್ಡಿಗೆ ಸೇರಿಸಿದ್ದು ನೋಡಿ ಕೈಕಾಲು ತಣ್ಣಗಾಯಿತು. ಟರ್ಬೈನಿನ ಕರೆಂಟು ಹಿಂದಕ್ಕೆ ಲೈನಿಗೆ ಹರಿದರೆ, ಕರೆಂಟು ಹೋಗಿದೆ ಅಂತ ನಂಬಿ ಕಂಬ ಹತ್ತಿದ ಲೈನ್‌ಮನ್ ಪ್ರಾಣ ಹೋಗುತ್ತದೆ. ಅಲ್ಲಿ ನಾನು ಟರ್ಬೈನ್ ಬಂದ್ ಮಾಡಿಸಿ, ಸ್ವಿಚ್ ಹಾಕಿಸಿದ ಮೇಲೇ ಹೊರಟೆ.

ಮತ್ತೆ ದರಗು, ಅಂದರೆ ಉದುರಿದ ಎಲೆ. ಮೇಲೆ ನೀರು ಹಿಡಿಯುವ ಕಡೆ ಜಾಲರಿ ಎಷ್ಟು ಚೆನ್ನಾಗಿದ್ದರೂ ಕೊಳೆತ ಎಲೆಯ ನಾರು ಪೈಪಿಗೆ ನುಗ್ಗಿ, ಚಕ್ರಕ್ಕೆ ನೀರು ಚಿಮ್ಮಿಸುವ ಸಣ್ಣ ಬಾಯಿಯಲ್ಲಿ (ನಾಝಲ್) ಕೂರುತ್ತದೆ. ದೀಪ ಮೆಲ್ಲಗೆ ಮಂಕಾಗುತ್ತಾ ಬಂದರೆ ಯಂತ್ರ ಕೆಟ್ಟಿತು ಅನ್ನಬೇಡಿ. ಮಳೆಯಲ್ಲೇ ಕಂಬಳಿ ಹೊದ್ದು ಗುಡ್ಡ ಹತ್ತಿ ಜಾಲರಿ ಕೆರೆಯಬೇಕು. ಅದಕ್ಕೆ ಮನೆಯಲ್ಲಿ ಆಳಿಲ್ಲ ಅನ್ನುವವರು ಈ ಆಸೆ ಬಿಡಿ.

ಪ್ರಶ್ನೆ: ಒಮ್ಮೆ ಚಾಲೂ ಮಾಡಿದರೆ ತನ್ನಷ್ಟಕ್ಕೆ ಓಡುವ, ಡೀಸೆಲ್ ಬೇಡದ ಜನರೇಟರ್ ಅಂತೆ. ಮುಂಗಡ ಕೊಡಬಹುದಾ? (ಸಾಗರ)

ಮೋಸ. ಮೋಟಾರು ಜನರೇಟರನ್ನು ತಿರುಗಿಸಿ, ಜನರೇಟರ್ ಮೋಟಾರನ್ನು ಓಡಿಸುವುದು ಯಾವ ಕಾಲಕ್ಕೂ ಆಗದ ಕೆಲಸ. ಒಂದು ರೂಪಾಯಿಯನ್ನೂ ಕೊಡಬೇಡಿ.

ಪ್ರಶ್ನೆ: ಮನೆ ಮಾಡಿನ ಮೇಲೆ ಗಾಳಿಯಂತ್ರ? (ತೀರ್ಥಹಳ್ಳಿ)

ಸುತ್ತ ಅಡಿಕೆ ಮರ, ಹಿಂದೆ ಗುಡ್ಡ. ಬೇಡ.

ಪ್ರಶ್ನೆ: ಗೋಬರ್ ಗ್ಯಾಸ್ ತೆಗೆದ ಸಗಣಿ ಗೊಬ್ಬರಕ್ಕೆ ಬರುತ್ತಾ? (ಶಿಕಾರಿಪುರ)

ಬರುತ್ತದೆ. ಗ್ಯಾಸಾಗಿ ಹೋಗುವುದು ಮುಖ್ಯವಾಗಿ ಇಂಗಾಲ. ಗಿಡಕ್ಕೆ ಬೇಕಾದ ಸಾರಜನಕ ಹೊರಬರುವ ಸಗಣಿ ರಾಡಿಯಲ್ಲೇ (ಸ್ಲರಿ) ಉಳಿಯುತ್ತದೆ. ಬಿಸಿಲಲ್ಲಿ ಒಣಗಲು ಬಿಡದೆ ಹಸಿಯಾಗಿಯೇ ಬುಡಕ್ಕೆ ಹಾಕಿ.