ಓದುಗರ ಪ್ರಶ್ನೆ: ಗಾಳಿಯಿಂದಲೇ ತಣಿಯುವ ವಿಮಾನ ಎಂಜಿನ್

ಪ್ರಶ್ನೆ: ಎರಡು ಮಹಾಯುದ್ಧಗಳ ನಡುವೆ ಗಾಳಿಯಿಂದ ತಣಿಯುವ ಎಂಜಿನ್‌ಗಳು ನೀರಿನಿಂದ ತಣಿಯುವ ಎಂಜಿನ್‌ಗಳಿಗೆ ಸರಿಸಾಟಿಯಾದದ್ದು ಹೇಗೆ? ಫಿನ್‌ಗಳನ್ನು (ಬಿಸಿ ಹೊರಹಾಕುವ ತೆಳು ಲೋಹದ ರೆಕ್ಕೆಗಳನ್ನು) ಹೆಚ್ಚಿಸಿದರೆ ಸಾಕಾಯಿತೆ?

ಉತ್ತರ: ಸಾಕಾಗಲಿಲ್ಲ. ಫಿನ್ ಎಷ್ಟಿದ್ದರೇನು, ಬಿಸಿ ಅಲ್ಲಿಯವರೆಗೆ ತಲುಪಬೇಕಲ್ಲ! ಬ್ರಿಟಿಷ್ ವಿಮಾನ ಎಂಜಿನ್ ಬ್ರಿಸ್ಟಲ್ ಜುಪಿಟರ್‌ನ ಮೊದಲ ಮಾದರಿಗಳಲ್ಲಿ ಉಕ್ಕಿನ ಸಿಲಿಂಡರ್‌ನ ಮೇಲ್ತುದಿ ಮುಚ್ಚಿರುತ್ತಿತ್ತು. ಅದರ ಮೇಲೆ ಅಲ್ಯೂಮಿನಿಯಂ ಹೆಡ್ಡನ್ನು ಬೋಲ್ಟ್ ಹಾಕಿ ಕೂರಿಸುತ್ತಿದ್ದರು. ಇದಕ್ಕೆ ‘ಪೋಲ್ಟಿಸ್ ಹೆಡ್’ ಎಂಬ ಹೆಸರು; ಪೋಲ್ಟಿಸ್ ಎಂದರೆ ಊತಕ್ಕೆ ಹಾಕುವ ಪಟ್ಟು. ಕಾದಾಗ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಎರಡರ ನಡುವೆ ಕೂದಲೆಳೆಯಷ್ಟು ಸಂದು ಬಿದ್ದರೂ ಬಿಸಿ ಉಕ್ಕಿನಲ್ಲೇ ಉಳಿದು ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಸುಡುತ್ತದೆ.

ದಾರಿ ತೋರಿಸಿದ್ದು ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಗಿಬ್ಸನ್ ಮತ್ತು ಸ್ಯಾಮ್ ಹೆರಾನ್ ನಡೆಸಿದ ಕೆಲಸ. ಮುಚ್ಚಳವಿಲ್ಲದ ಉಕ್ಕಿನ ಬ್ಯಾರಲ್, ಅದರ ಮೇಲೆ ಇಡಿಯಾಗಿ ಅಲ್ಯೂಮಿನಿಯಂ ಹೆಡ್. ಹೆಡ್ಡನ್ನು ಕಾಯಿಸಿ ತಣ್ಣನೆಯ ಬ್ಯಾರಲ್‌ಗೆ ತಿರುಪಿದರೆ, ಆರಿದಾಗ ಕಚ್ಚಿ ಹಿಡಿಯುತ್ತದೆ. ಓಡುವಾಗ ಹೆಡ್ಡೇ ಹೆಚ್ಚು ಕಾಯುವುದರಿಂದ ಈ ಬಿಗಿ ಕಡಿಮೆಯಾದರೆ ಜೋಡಣೆ ಸೋರುತ್ತದೆ. ಅಲ್ಯೂಮಿನಿಯಂ ಮೆದು, ಆದ್ದರಿಂದ ವಾಲ್ವ್ ಕೂರುವ ಜಾಗಕ್ಕೆ ಕಂಚಿನ ಅಥವಾ ಉಕ್ಕಿನ ಉಂಗುರ ಬೇಕು.

ಟೊಳ್ಳು ವಾಲ್ವ್‌ನೊಳಗೆ ಸೋಡಿಯಂ ತುಂಬಿದ್ದು ಹೆರಾನ್‌ರ ಇನ್ನೊಂದು ಕೊಡುಗೆ. ಸುಮಾರು 98 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ಸೋಡಿಯಂ, ವಾಲ್ವ್ ಕುಣಿದಂತೆಲ್ಲ ಮೇಲೆ ಕೆಳಗೆ ಎರಚಾಡಿ ತಲೆಯ ಬಿಸಿಯನ್ನು ಕಾಂಡಕ್ಕೆ, ಅಲ್ಲಿಂದ ಕಾಂಡ ಓಡಾಡುವ ಗೈಡ್ ಎಂಬ ಕೊಳವೆಗೆ ದಾಟಿಸುತ್ತದೆ. ಪೂರ್ತಿ ತುಂಬಿದರೆ ಎರಚಲು ಜಾಗವೇ ಇರುವುದಿಲ್ಲ. ಹೆರಾನ್ ಮಾದರಿಯ ಸಿಲಿಂಡರ್‌ಗಳಿದ್ದ ರೈಟ್ ಜೆ-5 ಎಂಜಿನ್, 1927ರಲ್ಲಿ ವಿಮಾನ ಚಾಲಕ ಲಿಂಡ್‌ಬರ್ಗ್‌ರನ್ನು ಮೂವತ್ಮೂರೂವರೆ ಗಂಟೆ ಬಿಡದೆ ಹೊತ್ತು ಪ್ಯಾರಿಸ್ ಮುಟ್ಟಿಸಿತು.

ಪ್ರಶ್ನೆ: ಎಂಜಿನ್ನಿಗೆ ಕವಚ ಹೊದಿಸಿದರೆ ಇನ್ನಷ್ಟು ಕಾಯುವುದಿಲ್ಲವೆ?

ಉತ್ತರ: ಬರಿದೇ ಹೊದಿಸಿದರೆ ಕಾಯುತ್ತದೆ. ತೆರೆದ ಸಿಲಿಂಡರ್‌ನ ಮುಂಭಾಗಕ್ಕೆ ಗಾಳಿ ಧಾರಾಳ, ಹಿಂಭಾಗಕ್ಕೆ ಬರ. ಸಿಲಿಂಡರ್‌ಗಳ ನಡುವೆ ತಗಡಿನ ಬ್ಯಾಫಲ್ ಕೂರಿಸಿ ಗಾಳಿಯನ್ನು ಫಿನ್‌ಗಳ ಸಂದಿನಲ್ಲೇ ನುಸುಳುವಂತೆ ಮಾಡಿದರೆ ಕಡಿಮೆ ಗಾಳಿಯೂ ಸಾಲುತ್ತದೆ. ಅಮೆರಿಕದ ವಿಮಾನ ಸಂಶೋಧನಾ ಸಂಸ್ಥೆ ನಾಕಾದಲ್ಲಿ ಫ್ರೆಡ್ ವೀಕ್ ರೂಪಿಸಿದ ಕವಚದಿಂದ ಗಾಳಿಯ ತಡೆ ತಗ್ಗಿ, ಕರ್ಟಿಸ್ ಹಾಕ್ ವಿಮಾನದ ವೇಗ ಗಂಟೆಗೆ 118ರಿಂದ 137 ಮೈಲಿಗೆ ಏರಿತು.

ಪ್ರಶ್ನೆ: ರೇಡಿಯಲ್ ಎಂಜಿನ್ನಿನಲ್ಲಿ (ಸಿಲಿಂಡರ್‌ಗಳನ್ನು ವೃತ್ತಾಕಾರವಾಗಿ ಜೋಡಿಸಿದ ಎಂಜಿನ್) ಸಿಲಿಂಡರ್‌ಗಳು ಬೆಸ ಸಂಖ್ಯೆಯಲ್ಲೇ ಏಕೆ?

ಉತ್ತರ: ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ತಿರುಗುವ ದಂಡ) ಎರಡು ಸುತ್ತು ಬರುವಷ್ಟರಲ್ಲಿ ಎಲ್ಲವೂ ಒಮ್ಮೆ ಉರಿಯಬೇಕು. ಒಂದು ಬಿಟ್ಟು ಒಂದು ಉರಿದರೆ ಒಂಬತ್ತಕ್ಕೆ ಕ್ರಮ 1-3-5-7-9-2-4-6-8. ಪ್ರತಿ 80 ಡಿಗ್ರಿಗೆ ಒಂದು ಹೊಡೆತ. ಎಂಟಿದ್ದರೆ 7ರ ನಂತರ ಮತ್ತೆ 1ಕ್ಕೇ ಬಂದು ನಿಲ್ಲುತ್ತೀರಿ. ಎರಡು ಸಾಲಿನ 14 ಸಿಲಿಂಡರ್ ಎಂದರೂ ಸಾಲಿಗೆ ಏಳೇ.

ಪ್ರಶ್ನೆ: ರೇಡಿಯಲ್ ಎಂಜಿನ್ ಚಾಲೂ ಮಾಡುವ ಮೊದಲು ಪ್ರೊಪೆಲರ್ ಕೈಯಿಂದ ತಿರುಗಿಸುವುದೇಕೆ?

ಉತ್ತರ: ನಿಂತಾಗ ಎಣ್ಣೆ ಪಿಸ್ಟನ್ ರಿಂಗ್‌ಗಳನ್ನು ದಾಟಿ ಕೆಳಗಿನ ಸಿಲಿಂಡರ್‌ಗಳಿಗೆ ಇಳಿಯುತ್ತದೆ. ಎಣ್ಣೆ ಅದುಮಿದರೆ ಕುಗ್ಗದು. ಸ್ಟಾರ್ಟರ್ ಹಾಕಿದರೆ ಪಿಸ್ಟನ್‌ಗೂ ಕ್ರ್ಯಾಂಕ್‌ಗೂ ನಡುವಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬಾಗಿದ್ದು ಅಂದೇ ಮುರಿಯಬೇಕೆಂದಿಲ್ಲ, ಇನ್ನೊಂದು ದಿನ ಆಕಾಶದಲ್ಲಿ ಮುರಿದೀತು. ಕಿಡಿಗೆ ವಿದ್ಯುತ್ ಕೊಡುವ ಮ್ಯಾಗ್ನೆಟೊ ಆಫ್ ಮಾಡಿ (ಆದರೂ ಆನ್ ಇದೆ ಎಂದೇ ಭಾವಿಸಿ), ತಿರುಗುವ ದಿಕ್ಕಿನಲ್ಲೇ ಕ್ರ್ಯಾಂಕ್ ಎರಡು ಸುತ್ತು ಬರುವಂತೆ ಎಳೆಯಬೇಕು. ಗೇರಿಲ್ಲದ ಎಂಜಿನ್ನಿಗೆ ಎರಡಲಗಿನ ಪ್ರೊಪೆಲರ್ ಇದ್ದರೆ ನಾಲ್ಕು ಅಲಗು. ಕಚ್ಚಿಕೊಂಡರೆ ಬಲ ಹಾಕಬೇಡಿ, ಹಿಂದಕ್ಕೂ ತಿರುಗಿಸಬೇಡಿ: ಎಣ್ಣೆ ಇನ್‌ಟೇಕ್ ಪೈಪ್‌ಗೆ ಹೋಗಿ, ಚಾಲೂ ಆದೊಡನೆ ಮರಳುತ್ತದೆ. ಕೆಳಗಿನ ಸಿಲಿಂಡರ್‌ಗಳ ಸ್ಪಾರ್ಕ್ ಪ್ಲಗ್ ಬಿಚ್ಚಿ ಎಣ್ಣೆ ಬಸಿದು, ಮತ್ತೆ ತಿರುಗಿಸಿ ನೋಡಬೇಕು.