ಸಾರ್ವಜನಿಕ ಶೌಚಾಲಯಕ್ಕೆ ಇಟ್ಟಿಗೆ ಕಟ್ಟಡ ಬಿಟ್ಟು ರೆಡಿಮೇಡ್ ಕಟ್ಟಡ ಯಾಕೆ ಆರಿಸಬೇಕು?

ಮುಖ್ಯ ಕಾರಣ ಸಮಯ. ಬೆಳಗಾವಿ ಜಿಲ್ಲೆಯ ಸವದತ್ತಿ ಯಲ್ಲಮ್ಮನ ಗುಡ್ಡವನ್ನೇ ತೆಗೆದುಕೊಳ್ಳಿ. ಭರತ ಹುಣ್ಣಿಮೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಶೌಚಾಲಯ ಜಾತ್ರೆಗೆ ಮೊದಲೇ ಸಿದ್ಧವಾಗಿರಬೇಕು, ಅಲ್ವಾ? ಇಟ್ಟಿಗೆಯದಾದರೆ ಗೌಂಡಿ ಸಿಗಬೇಕು, ಗೋಡೆ ಏರಬೇಕು, ಗಿಲಾವು ಆಗಬೇಕು, ನಡುನಡುವೆ ವಾರಗಟ್ಟಲೆ ನೀರು ಹೊಡೆಯಬೇಕು. ರೆಡಿಮೇಡ್ ಕೋಣೆ ಕಾರ್ಖಾನೆಯಲ್ಲಿ ತಯಾರಾಗುವಾಗಲೇ ಇಲ್ಲಿ ಪಾಯ, ಪೈಪು, ಗುಂಡಿಯ ಕೆಲಸ ನಡೆಯುತ್ತದೆ. ಆಮೇಲೆ ಕ್ರೇನಿನಿಂದ ಇಳಿಸಿ ಜೋಡಿಸಿದರೆ ಆಯಿತು.

ಇನ್ನೊಂದು ಕಾರಣ ನಮ್ಮ ಎರೆ ಮಣ್ಣು. ವಿಜಯಪುರ, ಬಾಗಲಕೋಟೆ ಕಡೆ ಇದೇ ಜಾಸ್ತಿ. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಪಾಯ ತೆಳುವಾಗಿದ್ದರೆ ಗೋಡೆ ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳುತ್ತದೆ. ಆ ಸೀಳಿನಲ್ಲಿ ನೀರು ಇಳಿದರೆ ವಾಸನೆ ಅಲ್ಲೇ ಕೂರುತ್ತದೆ, ಎಷ್ಟು ತೊಳೆದರೂ ಹೋಗಲ್ಲ. ಉಕ್ಕಿನ ಚೌಕಟ್ಟಿನ ಹಗುರ ಕೋಣೆ ಇಂಥ ಅಲುಗಾಟವನ್ನು ಒಂದಿಷ್ಟು ತಾಳುತ್ತದೆ. ಹಾಗಂತ ಪಾಯವನ್ನು ಸುಮ್ನೆ ಬಿಡಬೇಡಿ. ಎರೆ ತೆಗೆದು, ಗರಸು ತುಂಬಿ, ಚೆನ್ನಾಗಿ ದಮ್ಮಸ್ಸು ಹೊಡೆಸಿ.

ಕೊಳ್ಳುವ ಮೊದಲು ಬಾಗಿಲಿನ ಬುಡವನ್ನು ಬಗ್ಗಿ ನೋಡಿ. ಮೂತ್ರ, ಆಸಿಡ್ ತಾಗಿ ಮೊದಲು ತುಕ್ಕು ಹಿಡಿಯುವುದು ಅಲ್ಲೇ. ಬರೀ ತಗಡಿನ ಕೋಣೆಯಂತೂ ಬೇಡವೇ ಬೇಡ. ನಮ್ಮ 40 ಡಿಗ್ರಿ ಬಿಸಿಲಿಗೆ ಮಕ್ಕಳು, ವಯಸ್ಸಾದವರು ಒಳಗೆ ನಿಲ್ಲೋಕಾಗಲ್ಲ. ನಡುವೆ ಫೋಮ್ ಇರುವ ಹಲಗೆಯನ್ನೇ ಕೇಳಿ, ಮೇಲೆ ಗಾಳಿಕಿಂಡಿ ಇರಲಿ.

ವರ್ಷವಿಡೀ ಜನ ಬಳಸುವ ಬಸ್ ನಿಲ್ದಾಣದಂಥ ಕಡೆ ನಾನಾದರೆ ಪ್ರೀಕಾಸ್ಟ್ ಕಾಂಕ್ರೀಟ್ ಕೋಣೆ, ಅಂದರೆ ಕಾರ್ಖಾನೆಯಲ್ಲೇ ಅಚ್ಚಿಗೆ ಕಾಂಕ್ರೀಟ್ ಸುರಿದು ಮಾಡಿದ ಕೋಣೆ ಆರಿಸುತ್ತೇನೆ. ಭಾರ ಜಾಸ್ತಿ, ಪಾಯ ಗಟ್ಟಿ ಬೇಕು, ಆದರೆ ಒರಟು ಬಳಕೆಗೆ ಜಗ್ಗುವುದಿಲ್ಲ.