ಕಿಟಕಿ ಗಾಜು ತೊಳೆಯುವ ಕೆಲಸಕ್ಕೆ ವಿಶೇಷ ಸಾಮಾನು ಬೇಕಾ?

ಕಿಟಕಿ ತೊಳೆಯುವ ಸಣ್ಣ ವ್ಯವಹಾರ ಶುರು ಮಾಡಬೇಕು ಅಂತಿದ್ದೀರಿ. ಮನೆಯಲ್ಲಿರುವ ಬಟ್ಟೆ, ಸ್ಪ್ರೇ ಬಾಟಲಿ ಸಾಕಾ, ಇಲ್ಲ ಸಾಲ ಮಾಡಿಯಾದರೂ ಉದ್ದನೆಯ ಪೋಲ್, ಶುದ್ಧ ನೀರಿನ ಫಿಲ್ಟರ್ ಎಲ್ಲ ತಗೋಬೇಕಾ ಅಂತ ಕೇಳಿದ್ದೀರಿ. ಎರಡೂ ಬೇಡ. ಇದೇ ಕೆಲಸದಲ್ಲಿರುವವನಾಗಿ ಹೇಳುತ್ತೇನೆ: ಕೆಲವೇ ಕೆಲವು ಸಾಮಾನು ಇಲ್ಲದೆ ಈ ಕೆಲಸ ನಡೆಯುವುದಿಲ್ಲ. ಅವು ಅಂಥ ದುಬಾರಿಯೂ ಅಲ್ಲ. ಉಳಿದದ್ದನ್ನು ಸಿಗುವ ಕೆಲಸ ನೋಡಿಕೊಂಡು ಆಮೇಲೆ ತಗೊಳ್ಳಿ.

ಬಟ್ಟೆ ಮತ್ತು ಸ್ಪ್ರೇ ಯಾಕೆ ಸಾಲದು? ಬಟ್ಟೆಯಿಂದ ಉಜ್ಜಿದಾಗ ಕೊಳೆ ಅರ್ಧ ಬಟ್ಟೆಗೆ ಹತ್ತುತ್ತದೆ, ಇನ್ನರ್ಧ ಗಾಜಿನ ಮೇಲೇ ತೆಳ್ಳಗೆ ಹರಡುತ್ತದೆ. ನೆರಳಲ್ಲಿ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ. ಬಿಸಿಲು ಓರೆಯಾಗಿ ಬಿದ್ದಾಗ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ. ಸ್ಕ್ವೀಜಿ, ಅಂದರೆ ಹಿಡಿಕೆಗೆ ಅಡ್ಡಲಾಗಿ ರಬ್ಬರ್ ಪಟ್ಟಿ ಕೂರಿಸಿದ ಸಾಮಾನು, ಹಾಗಲ್ಲ. ಮೊದಲು ಗಾಜನ್ನು ನೆನೆಸಿ ಉಜ್ಜಿ ಕೊಳೆಯನ್ನು ನೀರಿಗೆ ಬಿಡಿಸುತ್ತೀರಿ. ಆಮೇಲೆ ಆ ಕೊಳೆ ನೀರನ್ನೇ ರಬ್ಬರ್ ಪೂರ್ತಿ ಎಳೆದು ತೆಗೆಯುತ್ತದೆ. ಗಾಜಿನ ಮೇಲೆ ಒಣಗಲು ಏನೂ ಉಳಿಯುವುದಿಲ್ಲ, ಹಾಗಾಗಿ ಕಲೆಯೂ ಇಲ್ಲ. ಸಮಯವೂ ಎಷ್ಟೋ ಪಾಲು ಕಡಿಮೆ. ಮನೆಯ ಒಂದು ಕಿಟಕಿಗೆ ಇದು ದೊಡ್ಡ ವಿಷಯವಲ್ಲ. ಇಡೀ ಕಟ್ಟಡವನ್ನು ಒಪ್ಪಿಕೊಂಡವರಿಗೆ ಲಾಭ ನಷ್ಟ ಎರಡೂ ಇಲ್ಲೇ ತೀರ್ಮಾನವಾಗುತ್ತದೆ.

ಇಂದಿನ ಸ್ಕ್ವೀಜಿಯ ರೂಪ ಬಂದದ್ದು ಎತ್ತೋರೆ ಸ್ಟೆಕೋನೆ ಅನ್ನುವವರಿಂದ. ಇಟಲಿಯಿಂದ ಅಮೆರಿಕಕ್ಕೆ ಹೋಗಿ ಕಿಟಕಿ ತೊಳೆಯುತ್ತಿದ್ದ ಅವರು ಹಗುರವಾದ ಹಿತ್ತಾಳೆಯ ಹಿಡಿಕೆಗೆ ಒಂದೇ ತೆಳು ರಬ್ಬರ್ ಪಟ್ಟಿ ಕೂರಿಸಿ, 1930ರ ದಶಕದಲ್ಲಿ ಪೇಟೆಂಟ್ ಪಡೆದರು. ಅದಕ್ಕಿಂತ ಮುಂಚಿನವು ಭಾರ, ರಬ್ಬರ್ ಬದಲಿಸುವುದೂ ತಾಪತ್ರಯ. ಈಗ ಸಿಗುವವು ಸ್ಟೀಲಿನದೋ ಅಲ್ಯೂಮಿನಿಯಮ್ಮಿನದೋ ಇರಬಹುದು, ಕೆಲಸ ಮಾಡುವ ರೀತಿ ಮಾತ್ರ ಅದೇ. ದಿನವೂ ಗಾಜಿನ ಮುಂದೆ ನಿಲ್ಲುತ್ತಿದ್ದವರ ಕೈಯಿಂದ ಬಂದ ಸಾಮಾನು ಅದು. ಅದಕ್ಕೇ ಇಷ್ಟು ಕಾಲ ಉಳಿದಿದೆ ಅಂತ ನನಗನಿಸುತ್ತದೆ.

ಹೊಸಬರು ಹಿಡಿಕೆಗೆ ಜಾಸ್ತಿ ದುಡ್ಡು ಹಾಕಿ ರಬ್ಬರನ್ನು ಮರೆಯುತ್ತಾರೆ. ನಿಜವಾಗಿ ಕೆಲಸ ಮಾಡುವುದು ರಬ್ಬರಿನ ಅಂಚು. ಅದು ಚೂಪಾಗಿ, ನೇರವಾಗಿ ಇರಬೇಕು. ಒಂದು ಸಣ್ಣ ಕಚ್ಚು ಬಿದ್ದರೂ ಗಾಜಿನ ಉದ್ದಕ್ಕೂ ನೀರಿನ ಗೆರೆ ಉಳಿಯುತ್ತದೆ. ಒಂದು ಅಂಚು ಸವೆದರೆ ಪಟ್ಟಿಯನ್ನು ತಿರುಗಿಸಿ ಹಾಕಿ. ಎರಡೂ ಕಡೆ ಸವೆದರೆ ಬಿಸಾಡಿ, ಇನ್ನೂ ಸ್ವಲ್ಪ ದಿನ ನಡೆಯಲಿ ಅಂತ ಎಳೆದಾಡಬೇಡಿ. ರಬ್ಬರಿನಲ್ಲಿ ಗಟ್ಟಿ, ಮೆದು ಅಂತ ಎರಡು ಬಗೆ ಇದೆ. ಸೆಕೆಯಲ್ಲಿ ಗಟ್ಟಿಯದು, ಚಳಿಯಲ್ಲಿ ಮೆದುವಿನದು ಚೆನ್ನಾಗಿ ಓಡುತ್ತದೆ. ಅಳತೆಗೆ ಬಂದರೆ 14 ಇಂಚಿನದೊಂದು, 18 ಇಂಚಿನದೊಂದು ಇದ್ದರೆ ಹೆಚ್ಚಿನ ಕಿಟಕಿಗಳಿಗೆ ಸಾಕು.

ಜೊತೆಗೆ ಗಾಜು ನೆನೆಸಲು ಬಟ್ಟೆಯ ತೋಳು ತೊಡಿಸಿದ ಟಿ ಆಕಾರದ ಕೋಲು, ಅದು ಅಡ್ಡಲಾಗಿ ಮುಳುಗುವಷ್ಟು ಅಗಲದ ಬಕೆಟ್, ಅಂಚು ಒರೆಸಲು ನೂಲು ಬಿಡದ ಬಟ್ಟೆ. ದ್ರಾವಣ ಅಂತ ವಿಶೇಷವಾಗಿ ಏನೂ ಕೊಳ್ಳಬೇಕಿಲ್ಲ. ಬಕೆಟ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪವೇ ಸ್ವಲ್ಪ ಹಾಕಿದರೆ ಆಯಿತು. ರಬ್ಬರ್ ಜಾರಲು ಅದು ಬೇಕು. ಜಾಸ್ತಿಯಾದರೆ ಸಾಬೂನೇ ಪದರವಾಗಿ ಕೂರುತ್ತದೆ. ಬಿಸಿಲಿಗೆ ಕಾದ ಗಾಜನ್ನು ಮಾತ್ರ ಮುಟ್ಟಬೇಡಿ, ನೀವು ಎಳೆಯುವಷ್ಟರಲ್ಲಿ ನೀರು ಆರಿರುತ್ತದೆ. ಆ ಗಾಜಿನಿಂದ ಬಿಸಿಲು ಸರಿಯುವ ತನಕ ಬೇರೆ ಗೋಡೆಯ ಕೆಲಸ ಮುಗಿಸಿಕೊಳ್ಳಿ.

ಇನ್ನು ಸ್ಕ್ರೇಪರ್, ಅಂದರೆ ಬ್ಲೇಡ್ ಹಾಕಿದ ಹಿಡಿಕೆ. ಪೇಂಟ್ ಹನಿ, ಗಮ್, ಸಿಮೆಂಟ್ ಚೂರು ಬಿಡಿಸಲು ಇದು ಬೇಕೇ ಬೇಕು. ಆದರೆ ನಿಮ್ಮ ಚೀಲದಲ್ಲಿ ಅತಿ ಅಪಾಯದ ಸಾಮಾನೂ ಇದೇ. ಒಣ ಗಾಜಿನ ಮೇಲೆ ಎಂದೂ ಹಾಕಬಾರದು. ಒಂದೇ ದಿಕ್ಕಿಗೆ ತಳ್ಳಬೇಕು, ಹಿಂದಕ್ಕೆ ಎಳೆದರೆ ಬ್ಲೇಡಿನಡಿ ಸಿಕ್ಕಿದ ಕಣ ಗಾಜನ್ನು ಗೀರುತ್ತದೆ. ಟೆಂಪರ್ಡ್ ಗಾಜಿನ, ಅಂದರೆ ಕಾಯಿಸಿ ತಟ್ಟನೆ ತಣಿಸಿ ಗಟ್ಟಿ ಮಾಡಿದ ಗಾಜಿನ ವಿಷಯ ಇನ್ನೂ ಸೂಕ್ಷ್ಮ. ಕೆಲವು ಗಾಜುಗಳನ್ನು ಕುಲುಮೆಯಲ್ಲಿ ಕಾಯಿಸುವಾಗ ಮೇಲ್ಮೈಗೆ ಕಣ್ಣಿಗೆ ಕಾಣದ ಪುಡಿ ಬೆಸೆದುಕೊಂಡಿರುತ್ತದೆ. ಬ್ಲೇಡ್ ಆ ಪುಡಿಯನ್ನು ಕಿತ್ತು ಗಾಜಿನ ಮೇಲೆ ಉಜ್ಜಿದರೆ ಇಡೀ ಗಾಜು ಗೀರಿನಿಂದ ತುಂಬುತ್ತದೆ. ಫಿಲ್ಮ್ ಅಂಟಿಸಿದ ಗಾಜಿಗಂತೂ ಬ್ಲೇಡ್ ಬೇಡವೇ ಬೇಡ. ಅನುಮಾನ ಬಂದರೆ ಗಿರಾಕಿಗೆ ಮೊದಲೇ ಹೇಳಿ, ಅವರ ಒಪ್ಪಿಗೆಯನ್ನು ಬರಹದಲ್ಲಿ ತಗೊಂಡು ಮುಂದುವರಿಯಿರಿ. ಗೀರು ಬಿದ್ದ ಮೇಲೆ ಏನು ಹೇಳಿದರೂ ಯಾರೂ ಕೇಳುವುದಿಲ್ಲ.

ಈಗ ನೀವು ಕಣ್ಣಿಟ್ಟಿರುವ ಪೋಲ್ ಮತ್ತು ಫಿಲ್ಟರ್. ಫಿಲ್ಟರ್ ಆದ ನೀರು ಪೋಲ್ ತುದಿಯ ಬ್ರಷ್‌ಗೆ ಹೋಗುತ್ತದೆ, ಅದರಿಂದಲೇ ಗಾಜು ಉಜ್ಜಿ ತೊಳೆಯುವುದು. ಅದರ ಹಿಂದಿನ ಲೆಕ್ಕ ಸರಳ. ಸಾದಾ ನೀರು ಆರಿದಾಗ ಚುಕ್ಕಿ ಉಳಿಯುವುದು ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿಂದ. ಆರ್‌ಒ ಮತ್ತು ರೆಸಿನ್ (ಲವಣ ಹಿಡಿದಿಟ್ಟುಕೊಳ್ಳುವ ಸಣ್ಣ ಮಣಿಗಳು) ಮೂಲಕ ಅವನ್ನು ತೆಗೆದರೆ ನೀರು ತಾನಾಗಿ ಆರಿದರೂ ಕಲೆ ಬೀಳುವುದಿಲ್ಲ, ಒರೆಸುವ ಕೆಲಸವೇ ಇಲ್ಲ. ನೀರಿನಲ್ಲಿ ಕರಗಿರುವ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದರೆ ಒಳ್ಳೆಯದು, 10 ಪಿಪಿಎಂ (ಹತ್ತು ಲಕ್ಷದಲ್ಲಿ 10 ಪಾಲು) ದಾಟಿದರೆ ಚುಕ್ಕಿ ಶುರುವಾಗುತ್ತದೆ ಅಂತಲೇ ಲೆಕ್ಕ ಇಟ್ಟುಕೊಳ್ಳಿ. ಎರಡು ಮೂರು ಅಂತಸ್ತಿನ ಹೊರಗಿನ ಗಾಜನ್ನು ನೆಲದಲ್ಲೇ ನಿಂತು ತೊಳೆಯಬಹುದು. ಏಣಿ ಹತ್ತುವುದು ತಪ್ಪುತ್ತದಲ್ವಾ, ಅದೊಂದಕ್ಕೇ ಇದರ ಬೆಲೆ ಕೊಡಬಹುದು ಅನ್ನುವವನು ನಾನು. ಈ ಕೆಲಸದಲ್ಲಿ ಜನ ಪೆಟ್ಟು ತಿನ್ನುವುದು ಜಾಸ್ತಿ ಏಣಿಯಿಂದ ಬಿದ್ದೇ.

ಆದರೆ ಅದು ಮನೆಯೊಳಗಿನ ಗಾಜಿಗೆ ಬರುವುದಿಲ್ಲ. ನೆಲ ಮಹಡಿಯ ಅಂಗಡಿ ಗಾಜಿಗೆ ಸ್ಕ್ವೀಜಿಯೇ ಬೇಗ. ರೆಸಿನ್ ಆಗಾಗ ಬದಲಿಸಬೇಕು, ನಿಮ್ಮ ನೀರು ಗಡಸಾಗಿದ್ದಷ್ಟೂ ಆ ಖರ್ಚು ಏರುತ್ತದೆ. ಹಾಗಾಗಿ ಮೇಲಿನ ಅಂತಸ್ತಿನ ಕೆಲಸ ಪದೇ ಪದೇ ಬರತೊಡಗಿ, ನೀವು ಬೇಡ ಅನ್ನಬೇಕಾಗಿ ಬಂದಾಗ ಅದನ್ನು ತಗೊಳ್ಳಿ. ಅಲ್ಲಿವರೆಗೆ ಒಂದೆರಡು ದಿನಕ್ಕೆ ಬಾಡಿಗೆಗೆ ಸಿಕ್ಕರೆ ಬಳಸಿ ನೋಡಿ. ತಗೊಳ್ಳುವ ದಿನ ಕಾರ್ಬನ್ ಫೈಬರ್ ಪೋಲ್ ಇಷ್ಟವಾದರೆ ಒಂದು ಎಚ್ಚರಿಕೆ. ಅದು ಹಗುರ ನಿಜ, ಆದರೆ ಅದರಲ್ಲಿ ವಿದ್ಯುತ್ ಹರಿಯುತ್ತದೆ. ಕರೆಂಟ್ ತಂತಿ ಹತ್ತಿರವಿರುವ ಗೋಡೆಯ ಕೆಲಸವನ್ನು ಅದರಿಂದ ಮಾಡಲೇಬೇಡಿ, ಎಷ್ಟು ದುಡ್ಡು ಕೊಡುತ್ತೇವೆ ಅಂದರೂ.